ಚಿಕ್ಕರಂಗಯ್ಯ ತೋರಿಸದ ಕಾಲುವೆ

ಚಿಕ್ಕರಂಗಯ್ಯ ಹೆದರುವ ಮನುಷ್ಯ. ಅದು ಬಡಾವಣೆಗೆಲ್ಲ ಗೊತ್ತಿತ್ತು. ತುಮಕೂರಿನ ಅಂಚಿನ ಆ ಬಡಾವಣೆಗೆ ನಲ್ಲಿ ನೀರು ಬಿಡುವ ವಾಟರ್‌ಮನ್ ಅವರು. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿಯಿಂದ ಬೀದಿಗೆ ಹೋಗಿ, ನೆಲದೊಳಗಿನ ವಾಲ್ವ್ ತಿರುಗಿಸುವುದು ಕೆಲಸ. ನಾಯಿ ಇರುವ ಮನೆಯ ಮುಂದೆ ಮೊದಲು ಕೀಲಿಯಿಂದ ಗೇಟಿಗೆ ತಟ್ಟುತ್ತಿದ್ದರು. ಒಳಗಿನಿಂದ "ಕಟ್ಟಾಕಿದೀವಿ ಬುಡು ರಂಗಣ್ಣ" ಎಂಬ ದನಿ ಕೇಳಿದ ಮೇಲೆಯೇ ಬಗ್ಗುತ್ತಿದ್ದರು.

ಮಳೆಗಾಲದ ಹೆದರಿಕೆ ಮಾತ್ರ ಬೇರೆ. ಗೌರಿ ಹಬ್ಬ ಹತ್ತಿರ ಬಂತೆಂದರೆ ಮನೆಯ ಪತ್ರಗಳನ್ನೂ ಮಗಳ ಮಾರ್ಕ್ಸ್ ಕಾರ್ಡುಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕುಣಿಗಲ್ಲಿನ ತಂಗಿಯ ಮನೆಗೆ ಒಯ್ದು ಇಟ್ಟು ಬರುತ್ತಿದ್ದರು. ಹತ್ತಿರದ ಯಡಿಯೂರಿನ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಬರ್ತೀನಿ ಎಂಬುದು ನೆಪ.

"ಸಿದ್ಧಲಿಂಗಪ್ಪ ನಮ್ ಮನೆ ಪತ್ರ ತಂದು ತೋರ್ಸು ಅಂದವ್ನಾ?" ಎಂದು ಹೆಂಡತಿ ಹನುಮಕ್ಕ ನಗುತ್ತಿದ್ದರು. ಗುಬ್ಬಿ ಕಡೆಯ ಹೆಣ್ಣು, ಮಾತಿನಲ್ಲಿ ಸೋಲುವವರಲ್ಲ. ಚಿಕ್ಕರಂಗಯ್ಯ ಕವರಿನ ಬಾಯಿಗೆ ಇನ್ನೊಂದು ಸುತ್ತು ದಾರ ಕಟ್ಟುತ್ತಿದ್ದರು.

ಅವರ ಅಪ್ಪ ಬಡಾವಣೆಯ ಮೇಲಿನ ಕೆರೆಯ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು, ಮಳೆಗಾಲದಲ್ಲಿ ನೀರು ತಡೆಯುವ ಮಣ್ಣಿನ ಏರಿಯ ಮೇಲೆ ಬರಿಗಾಲಲ್ಲಿ ನಡೆದು ಕಾಯುವುದು ಅವರ ಪಾಲಿನ ಕೆಲಸವಾಗಿತ್ತು. ಕೆರೆ ತುಂಬಿದರೆ ಹೆಚ್ಚಿನ ನೀರು ಏರಿಯ ತುದಿಯ ಕಲ್ಲು ಹಾಸಿನ ಕೋಡಿಯಿಂದ ಉಕ್ಕಿ, ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಗದ್ದೆಗಳು ಸೈಟುಗಳಾದವು. ಆ ಕಾಲುವೆಗೆ ಒಡೆದ ಇಟ್ಟಿಗೆ, ಕಟ್ಟಡದ ಮಣ್ಣು ಬಿತ್ತು. ಅದರ ಮೇಲೆ ಹದಿನೇಳು ಮನೆಗಳು ಎದ್ದವು, ಕೊನೆಯಲ್ಲಿ ಒಂದು ಸಮುದಾಯ ಭವನ. ಹದಿನೇಳರಲ್ಲಿ ಒಂದು ಮನೆ ಚಿಕ್ಕರಂಗಯ್ಯನವರದೇ. ಅವರು ತಿಳಿಯದೆ ಕಟ್ಟಿದವರಲ್ಲ. ಆಗ ಕೆರೆಯಂಗಳದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ಬಿರುಕಿನಲ್ಲಿ ಜಾಲಿ ಬೆಳೆದಿತ್ತು. ಇನ್ನೆಲ್ಲಿ ತುಂಬುತ್ತದೆ ಎಂದುಕೊಂಡಿದ್ದರು.

ಎರಡು ವರ್ಷದ ಹಿಂದೆ ಪ್ರೇಮಲತಾ ಎಂಬ ಎಂಜಿನಿಯರ್ ಬಂದರು. ಮಳೆಯ ರೀತಿ ಬದಲಾಗುತ್ತಿದೆ, ತಿಂಗಳಿಡೀ ಬೀಳುವುದು ಒಂದೇ ದಿನ ಬೀಳುತ್ತಿದೆ, ಪ್ರತಿ ವಾರ್ಡೂ ಅದಕ್ಕೆ ಸಿದ್ಧವಾಗಬೇಕು ಎಂದು ಪಾಲಿಕೆಗೆ ನೆರವಾಗುವ ಒಂದು ಸಂಸ್ಥೆಯವರು. ಸಮುದಾಯ ಭವನದ ನೆಲದ ಮೇಲೆ ದೊಡ್ಡ ಹಾಳೆ ಹಾಸಿ ಎಲ್ಲರನ್ನೂ ಸುತ್ತ ಕೂರಿಸಿದರು.

"ರಂಗಯ್ಯೋರೆ, ನಿಮ್ಮ ತಂದೆ ನೀರುಗಂಟಿ ಆಗಿದ್ರಂತೆ. ಕೋಡಿ ನೀರು ಎಲ್ಲಿ ಹರೀತಿತ್ತು, ನೀವೇ ಗೆರೆ ಎಳೀರಿ."

ಹಿಂದೆ ಅಕ್ಕಪಕ್ಕದ ಮನೆಯವರು ನಿಂತಿದ್ದರು. ಬಡಾವಣೆ ಸಂಘದ ಅಧ್ಯಕ್ಷ ಲಕ್ಷ್ಮೀಕಾಂತನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಕಾಲುವೆಯ ಮೇಲೆ ಮನೆ ಎಂದು ಕಾಗದದಲ್ಲಿ ಬಂದರೆ ಒಡೆದುಹಾಕುತ್ತಾರೆ ಎಂದು ಎಲ್ಲರಿಗೂ ಭಯ. ಚಿಕ್ಕರಂಗಯ್ಯ ಬಗ್ಗಿದರು. ಗೆರೆಯನ್ನು ಮನೆಗಳ ಸಾಲಿನಿಂದ ಆಚೆಗೆ, ಖಾಲಿ ಸೈಟುಗಳ ಮೇಲೆ ಎಳೆದರು.

"ನಿಮ್ಮಂಥೋರು ಇಲ್ದಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ" ಎಂದರು ಪ್ರೇಮಲತಾ. ಆ ಮಾತು ಚಿಕ್ಕರಂಗಯ್ಯನವರೊಳಗೆ ಮುಳ್ಳಿನಂತೆ ಉಳಿಯಿತು. ಆ ಗೆರೆ ನಂಬಿ ಯೋಜನೆಯಾಯಿತು. ನೆರೆ ಬಂದರೆ ಜನ ಸೇರಬೇಕಾದ ಜಾಗ ಸಮುದಾಯ ಭವನ ಎಂದು ಬೋರ್ಡೂ ಬಿತ್ತು.

ಈ ವರ್ಷ ಮಳೆ ಹಿಡಿಯಿತು. ಹನ್ನೊಂದು ವರ್ಷದ ಮೇಲೆ, ಆ ಮನೆಗಳು ಎದ್ದ ನಂತರ ಮೊದಲ ಸಲ, ಕೆರೆ ಕೋಡಿಯ ಮಟ್ಟಕ್ಕೆ ಬಂತು. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದಿದ್ದ ಜನ ಏರಿಯ ಮೇಲೆ ನಿಂತು ಫೋಟೊ ತೆಗೆದುಕೊಂಡರು. ಸೋಮವಾರ ಗಂಗಮ್ಮನಿಗೆ ಬಾಗಿನ ಬಿಡುವುದೆಂದು ಸಂಘ ತೀರ್ಮಾನಿಸಿತು. ಅಲ್ಲಿಯವರೆಗೆ ಒಂದು ಹನಿಯೂ ಆಚೆ ಹೋಗಬಾರದೆಂದು ಲಕ್ಷ್ಮೀಕಾಂತ ಶಿರಾ ಗೇಟಿನ ತನ್ನ ಅಂಗಡಿಯಿಂದ ಮರಳಿನ ಮೂಟೆ ತರಿಸಿ ಕೋಡಿಗೆ ಅಡ್ಡ ಪೇರಿಸಿದ.

"ಕೋಡಿಗೆ ಅಡ್ಡ ಇಡಬಾರ್ದು ಲಕ್ಷ್ಮೀಕಾಂತಣ್ಣ. ಏರಿಗೆ ಭಾರ ಆಯ್ತದೆ."

"ನಿಂಗೆ ಬಕೀಟು ತುಂಬಿದ್ರೂ ಭಯ ಕಣೋ. ತುಂಬಿದ ಕೆರೆಗಲ್ವೇನೋ ಬಾಗಿನ? ಖಾಲಿಯಾದ ಮೇಲೆ ಮೊರ ಹಿಡ್ಕಂಡು ಬರಾನಾ?"

ಎಲ್ಲರೂ ನಕ್ಕರು. ಚಿಕ್ಕರಂಗಯ್ಯ ಮತ್ತೊಮ್ಮೆ ಹೇಳಲಿಲ್ಲ. ಮೂಟೆ ಇರುವವರೆಗೆ ಕೋಡಿ ಹರಿಯುವುದಿಲ್ಲ. ಕೋಡಿ ಹರಿಯುವವರೆಗೆ ತಾನೆಳೆದ ಗೆರೆ ಸುಳ್ಳೆಂದು ಪಾಲಿಕೆಗೆ ತಿಳಿಯುವುದಿಲ್ಲ. ಎದೆಯ ಮೂಲೆಯಲ್ಲಿ ಸಣ್ಣ ಸಮಾಧಾನವೂ ಆಯಿತು. ಆಮೇಲೆ ಆ ಸಮಾಧಾನಕ್ಕೇ ಹೆದರಿದರು.

ಶನಿವಾರ ಬೆಳಗಿನಿಂದ ಮಳೆ ನಿಲ್ಲಲೇ ಇಲ್ಲ. ಚರಂಡಿ ಪಕ್ಕದ ಗುಡಿಸಲುಗಳಿಗೆ ನೀರು ನುಗ್ಗಿತು. ಯೋಜನೆಯಲ್ಲಿ ಇದ್ದಂತೆ, ಹನ್ನೊಂದು ಗಂಟೆಗೆ ಪಾಲಿಕೆಯ ಆಟೋ ಕೂಗಿಕೊಂಡು ಹೋಯಿತು. ಅರವತ್ತಕ್ಕೂ ಹೆಚ್ಚು ಜನ ಸಮುದಾಯ ಭವನ ಸೇರಿದರು. ಹನುಮಕ್ಕ ಅನ್ನ ಬೇಯಿಸಲು ಅಲ್ಲಿಗೆ ಹೋದರು. ಚಿಕ್ಕರಂಗಯ್ಯ ಏರಿಯ ಕಡೆ ನಡೆದರು.

ನೀರು ಮೂಟೆಗಳ ಮೇಲಿನ ಸಾಲನ್ನು ಮುಟ್ಟಿತ್ತು. ಅವರು ಚಪ್ಪಲಿ ಬಿಟ್ಟು, ಏರಿಯ ಹಿಂಬದಿಗೆ ಇಳಿದು, ಬುಡದ ಹುಲ್ಲನ್ನು ಕಾಲಲ್ಲಿ ಸರಿಸುತ್ತ ಹೋದರು. ಅಪ್ಪ ಕಲಿಸಿದ್ದು ಅಷ್ಟೆ. ತಿಳಿನೀರು ಜಿನುಗಿದರೆ ಏರಿ ಬೆವರುತ್ತಿದೆ, ಭಯವಿಲ್ಲ. ಕೆಂಪುನೀರು ಬಂದರೆ ಏರಿ ಒಳಗೊಳಗೇ ಕರಗುತ್ತಿದೆ, ಓಡು. ಹಳೆಯ ತೂಬಿನ ಹತ್ತಿರ ಕಾಲಿಗೆ ತಣ್ಣಗೆ ತಾಗಿತು. ಹೆಬ್ಬೆರಳು ಗಾತ್ರದ ತೂತು. ಸುತ್ತ ನುಣ್ಣನೆಯ ಮರಳಿನ ಉಂಗುರ. ಬೊಗಸೆಯಲ್ಲಿ ಹಿಡಿದರು. ನೀರು ಕೆಂಪಗಿತ್ತು.

ಚೆಲ್ಲಿ ಮತ್ತೆ ಹಿಡಿದರು. ಆಗಲೂ ಕೆಂಪೇ.

ಏರಿ ಒಡೆದರೆ ಹದಿನೇಳು ಮನೆಯ ಮಾತಲ್ಲ. ಕೆಳಗೆ ಮುನ್ನೂರು ಮನೆ. ಅವರು ಓಡಿದರು. ಐವತ್ತೆಂಟು ವರ್ಷದ ಮನುಷ್ಯ, ಕೆಸರಿನಲ್ಲಿ ಎರಡು ಸಲ ಬಿದ್ದರು.

ಜನರನ್ನು ಸಾಗಿಸುವುದನ್ನು ನೋಡಿಕೊಳ್ಳಲು ಬಂದಿದ್ದ ಪ್ರೇಮಲತಾ ಭವನದ ಬಾಗಿಲಲ್ಲೇ ಸಿಕ್ಕರು. ಪಕ್ಕದಲ್ಲಿ ಲಕ್ಷ್ಮೀಕಾಂತ.

"ಮೇಡಂ, ಏರಿ ಬುಡದಾಗೆ ಕೆಂಪ್ ನೀರು ಬರ್ತೈತೆ. ಕೋಡಿ ಮೂಟೆ ತೆಗೀಬೇಕು. ಈಗ್ಲೇ."

ಪ್ರೇಮಲತಾ ತಕ್ಷಣ ಫೋನಿನಲ್ಲಿ, ಚರಂಡಿ ಬಿಡಿಸುತ್ತಿದ್ದ ಪಾಲಿಕೆಯ ತಂಡವನ್ನು ಕರೆದು, "ಕೋಡಿ ಹತ್ರ ಹೋಗಿ, ಮೂಟೆ ಎತ್ತಿ" ಎಂದರು. ಆಮೇಲೆ ಚಿಕ್ಕರಂಗಯ್ಯನವರ ಕಡೆ ತಿರುಗಿ, "ನೀರು ಖಾಲಿ ಸೈಟ್ ಕಡೆ ತಾನೇ ಹೋಗೋದು? ಇಲ್ಲಿರೋರಿಗೆ ತೊಂದ್ರೆ ಇಲ್ಲ ಅಲ್ವಾ?" ಎಂದರು.

ಒಳಗೆ ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಹನುಮಕ್ಕ ಅನ್ನದ ಮುಚ್ಚಳ ತೆಗೆದಿದ್ದರು, ಹಬೆ ಮುಖ ಮುಚ್ಚಿತ್ತು. ಲಕ್ಷ್ಮೀಕಾಂತ ಚಿಕ್ಕರಂಗಯ್ಯನವರನ್ನೇ ನೋಡುತ್ತಿದ್ದ.

"ಅಲ್ಲಿ ಹೋಗಲ್ಲ ಮೇಡಂ."

"ಏನು?"

"ನಾನ್ ಎಳೆದ ಗೆರೆ ಸುಳ್ಳು. ಕಾಲುವೆ ನಮ್ ಮನೆ ಸಾಲಿನ ಕೆಳಗೈತೆ. ಈ ಭವನಾನೂ ಅದ್ರ ಮೇಲೇ ಐತೆ. ನೀರು ಇಲ್ಲಿಗೇ ಬರ್ತದೆ."

"ಏನ್ಲಾ ಒದರ್ತಿದೀಯ?" ಲಕ್ಷ್ಮೀಕಾಂತ ತೋಳು ಹಿಡಿದ. "ಭಯ ಬಿದ್ದು ತಲೆ ಕೆಟ್ಟೈತೆ ಮೇಡಂ ಇವನಿಗೆ."

ಹನುಮಕ್ಕ ಸೌಟು ಕೆಳಗಿಟ್ಟು ಗಂಡನ ಮುಖ ನೋಡಿದರು. ಪ್ರತಿ ವರ್ಷ ಕುಣಿಗಲ್ಲಿಗೆ ಹೋಗುತ್ತಿದ್ದ ಪತ್ರಗಳ ಅರ್ಥ ಅವರಿಗೆ ಆ ಕ್ಷಣ ಹೊಳೆದಿರಬೇಕು. ಅವರು ನಗಲಿಲ್ಲ.

ಪ್ರೇಮಲತಾ ಮತ್ತೆ ಫೋನ್ ಕಿವಿಗಿಟ್ಟರು. "ನಿಲ್ಸಿ. ನಾನು ಹೇಳೋವರೆಗೂ ಮೂಟೆ ಮುಟ್ಟಬೇಡಿ" ಎಂದವರು ಕೇಳಿದ್ದು ಒಂದೇ ಮಾತು: "ಏರಿ ಎಷ್ಟು ಹೊತ್ತು ತಡೆಯುತ್ತೆ?"

"ಗೊತ್ತಿಲ್ಲ ಮೇಡಂ. ನಮ್ಮಪ್ಪಂಗೂ ಗೊತ್ತಾಯ್ತಿರ್ಲಿಲ್ಲ."

ಮೇಲಿನ ರಸ್ತೆಯ ಶಾಲೆಗೆ ಎಲ್ಲರನ್ನೂ ಸಾಗಿಸಬೇಕಿತ್ತು, ಸಾಲಿನ ಮನೆಗಳಲ್ಲಿ ಇದ್ದವರನ್ನೂ. ಹನುಮಕ್ಕ ಮನೆ ಮನೆಯ ಬಾಗಿಲು ಬಡಿದು ಕೂಗುತ್ತ ಹೋದರು. ಭವನದಲ್ಲಿ, ಗುಡಿಸಲಿನಿಂದ ಬಂದಿದ್ದ ಮರಿಯಮ್ಮಜ್ಜಿ ಚಾಪೆ ಬಿಟ್ಟು ಏಳಲೊಲ್ಲರು.

"ಈಗ ತಾನೆ ಇಲ್ಲಿಗೆ ತಂದಾಕಿದ್ರಿ. ಈಗ ಅಲ್ಲಿಗೆ ಅಂತೀರಿ. ನಾನೇನು ಟೌನ್ ಬಸ್ಸಾ?"

ಚಿಕ್ಕರಂಗಯ್ಯ ಬೆನ್ನು ಬಗ್ಗಿಸಿ ಅಜ್ಜಿಯನ್ನು ಹೊತ್ತುಕೊಂಡರು. ಏರುವ ರಸ್ತೆಯುದ್ದಕ್ಕೂ ಕಿವಿ ಹಿಂದಕ್ಕೇ ಇತ್ತು, ಏರಿಯ ಕಡೆಗೆ. ಒಡೆಯುವಾಗ ಹೇಗೆ ಸದ್ದಾಗುತ್ತದೆಂದು ಅಪ್ಪ ಎಂದೂ ಹೇಳಿರಲಿಲ್ಲ. ಆದ್ದರಿಂದ ಪ್ರತಿಯೊಂದು ಸದ್ದೂ ಅದೇ ಎನಿಸುತ್ತಿತ್ತು.

ಕೊನೆಯ ಮನೆಯವರೂ ಬಂದರೆಂದು ಹನುಮಕ್ಕ ಕೈ ಬೀಸಿದ ಮೇಲೆ ಪ್ರೇಮಲತಾ ಫೋನಿಗೆ, "ಈಗ ಎತ್ತಿ" ಎಂದರು. ಸ್ವಲ್ಪ ಹೊತ್ತಿನಲ್ಲಿ ನೀರು ಬಂತು. ಮಣ್ಣಿನ ಬಣ್ಣದ ನೀರು, ಯಾರನ್ನೂ ದಾರಿ ಕೇಳದೆ, ಮನೆಗಳ ಸಾಲಿನ ತಲೆಗೇ ತಿರುಗಿತು. ಚಿಕ್ಕರಂಗಯ್ಯನವರ ಮನೆಯ ಮುಂಬಾಗಿಲಿನಿಂದ ಹೊಕ್ಕು ಹಿತ್ತಿಲ ಗೋಡೆ ಕೆಡವಿಕೊಂಡು ಹೊರಬಂತು. ಭವನದೊಳಗೆ ಎದೆಯೆತ್ತರಕ್ಕೆ ನಿಂತಿತು. ಅನ್ನದ ಪಾತ್ರೆಯೊಂದು ತೇಲುತ್ತ ರಸ್ತೆಗೆ ಬಂದದ್ದನ್ನು ಎಲ್ಲರೂ ಶಾಲೆಯ ಜಗುಲಿಯಿಂದ ನೋಡಿದರು.

ಪಾಲಿಕೆಯ ತಂಡ ಕೋಡಿಯಿಂದ ಎತ್ತಿದ ಮೂಟೆಗಳನ್ನು, ಏರಿಯ ಮಣ್ಣು ಇನ್ನೂ ಕೊಚ್ಚಿಹೋಗದಂತೆ, ಕೆಂಪುನೀರಿನ ತೂತಿನ ಸುತ್ತ ಬಳೆಯಂತೆ ಪೇರಿಸಿತು. ಸಂಜೆಯ ಹೊತ್ತಿಗೆ ಕೆರೆ ಎರಡಡಿ ಇಳಿಯಿತು. ಚಿಕ್ಕರಂಗಯ್ಯ ಮತ್ತೆ ಹೋಗಿ ಬೊಗಸೆ ಹಿಡಿದರು. ನೀರು ತೆಳ್ಳಗೆ ಬರುತ್ತಿತ್ತು, ಹೆಚ್ಚುಕಡಿಮೆ ತಿಳಿಯಾಗಿ. ಏರಿ ನಿಂತಿತ್ತು.

ಶಾಲೆಯ ಗೇಟಿಗೆ ಬಂದ ಮೇಲೆ ಅವರ ಕಾಲು ಮುಂದಕ್ಕೆ ಹೋಗಲಿಲ್ಲ. ಒಳಗೆ ಹದಿನೇಳು ಮನೆಯವರೂ ಇದ್ದರು. ಒಂದು ಗಳಿಗೆ, ಏರಿಯ ಬುಡವೇ ವಾಸಿ ಎನಿಸಿತು. ಆಮೇಲೆ ಒಳಗೆ ಹೋದರು.

ಪ್ರೇಮಲತಾ ಮಕ್ಕಳ ಬೆಂಚಿನ ಮೇಲೆ ಕುಳಿತು ಪುಸ್ತಕ ತೆರೆದಿದ್ದರು. ಅವರ ದನಿಯಲ್ಲಿ ಸಿಟ್ಟಿತ್ತು, ಆಯಾಸವೂ ಇತ್ತು. "ರಂಗಯ್ಯೋರೆ, ಯಾವ ಯಾವ ಮನೆ ಕಾಲುವೆ ಮೇಲಿದೆ ಹೇಳಿ. ನಾಳೆ ಮತ್ತೆ ಮಳೆ ಅಂತಿದಾರೆ. ಯಾರನ್ನ ವಾಪಸ್ ಕಳಿಸಬಾರದು ಅಂತ ನಂಗೆ ಗೊತ್ತಾಗಬೇಕು."

"ಮನೆ ಒಡೀತಾರಾ ಮೇಡಂ?"

"ಅದನ್ನ ನಾನು ಹೇಳಕ್ಕಾಗಲ್ಲ. ಒಡೆಯಲ್ಲ ಅಂತ ನಿಮಗೆ ಸುಳ್ಳು ಹೇಳಲ್ಲ."

"ಯೋಚ್ನೆ ಮಾಡಿ ಬಾಯಿ ಬುಡು ರಂಗಯ್ಯ" ಎಂದ ಲಕ್ಷ್ಮೀಕಾಂತ, ಮೆಲ್ಲಗೆ. "ನಾಳೆಯಿಂದ ಇದೇ ಬೀದಿಲಿ ನೀರು ಬುಡಬೇಕು ನೀನು."

ಚಿಕ್ಕರಂಗಯ್ಯ ಒದ್ದೆ ಟವೆಲನ್ನು ಹಿಂಡಿ ಹೆಗಲಿಗೆ ಹಾಕಿಕೊಂಡರು.

"ಮೊದಲ್ನೇ ಮನೆ ನಂದು" ಎಂದರು. "ಎರಡ್ನೇದು ಲಕ್ಷ್ಮೀಕಾಂತಣ್ಣಂದು. ಮೂರ್ನೇದು ಚಂದ್ರುದು."

ಗೋಡೆಗೆ ಒರಗಿದ್ದ ಚಂದ್ರು ಎದ್ದು ನಿಂತ. ಯಾರೋ ಬೈದರು. ಹನುಮಕ್ಕ ಜನರನ್ನು ಸರಿಸಿಕೊಂಡು ಬಂದು ಗಂಡನ ಪಕ್ಕ ನಿಂತರು.

ಚಿಕ್ಕರಂಗಯ್ಯ ನಾಲ್ಕನೆಯ ಮನೆ ಹೇಳಿದರು.