ಹಾಲಿನ ಹೋಟೆಲಿನಲ್ಲಿ ಮೀನು

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನ್ಯೂಜೆರ್ಸಿಯ ಸಮರ್‌ಸೆಟ್ ಬಿಟ್ಟೆವು. ಕಾರಿನಲ್ಲಿದ್ದದ್ದು ನಾನು ಮತ್ತು ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ಅತ್ತೆ, ಇಬ್ಬರೇ. ಗಂಡ ಆಫೀಸಿನ ಕೆಲಸದ ಮೇಲೆ ಟೆಕ್ಸಸ್‌ಗೆ ಹೋಗಿದ್ದರು. ನ್ಯೂಯಾರ್ಕಿನ ಉತ್ತರದ ಗುಡ್ಡಗಾಡಿನಲ್ಲಿ ಒಂದು ಜಲಪಾತ ತೋರಿಸಿ ಸಂಜೆಗೆ ವಾಪಸ್ಸಾಗುವ ಯೋಚನೆ ನನ್ನದು. ಸುಮಾರು ನೂರು ಮೈಲಿ. ಅಷ್ಟು ದೂರ ನಾನೊಬ್ಬಳೇ ಎಂದೂ ಡ್ರೈವ್ ಮಾಡಿರಲಿಲ್ಲ. ಹೆದರಿಕೆಗೆ ಅದೊಂದೇ ಕಾರಣವಾಗಿದ್ದರೆ ಚೆನ್ನಾಗಿತ್ತು.

ಅತ್ತೆಗೆ ಮಡಿ ಹೆಚ್ಚು, ಸಕ್ಕರೆ ಕಾಯಿಲೆ ಅದಕ್ಕಿಂತ ಹೆಚ್ಚು. ಇನ್ಸುಲಿನ್ ಚುಚ್ಚಿಕೊಂಡ ಕಾಲು ಗಂಟೆಯೊಳಗೆ ಊಟ ಮಾಡಲೇಬೇಕು. ಮಾಂಸ ಬೇಯುವ ಹೋಟೆಲಿಗೆ ಅವರು ಕಾಲಿಡುವುದಿಲ್ಲ. ಇದಕ್ಕೆ ಇಲ್ಲಿನ ಕನ್ನಡಿಗರು ಒಂದು ಉಪಾಯ ಕಂಡುಕೊಂಡಿದ್ದಾರೆ: ಯಹೂದಿಗಳ ಧರ್ಮದ ಕಟ್ಟಳೆಯಂತೆ ಅಡುಗೆ ಮಾಡುವ ಕೋಷರ್ ಹೋಟೆಲು ಹುಡುಕಿ, ಬೋರ್ಡಿನಲ್ಲಿ ‘ಡೇರಿ’ ಎಂದಿದ್ದರೆ ಧೈರ್ಯವಾಗಿ ನುಗ್ಗುವುದು. ಹಾಲೂ ಮಾಂಸವೂ ಒಂದೇ ಅಡುಗೆಮನೆಯಲ್ಲಿ ಸೇರಬಾರದೆಂದು ಅವರ ಕಟ್ಟಳೆ. ಆದರೆ ಮೀನನ್ನು ಅವರು ಮಾಂಸದ ಸಾಲಿಗೆ ಸೇರಿಸುವುದಿಲ್ಲ. ಹಿಂದಿನ ದಿನ ದಾರಿಯಲ್ಲಿನ ಅಂಥದೊಂದು ಹೋಟೆಲು ಗೊತ್ತುಮಾಡಿ ಅದರ ಮೆನು ನೋಡಿದಾಗಲೇ ನನಗದು ತಿಳಿದಿತ್ತು. ಅತ್ತೆಗೆ ಹೇಳಲಿಲ್ಲ. ನಮ್ಮ ಟೇಬಲ್ಲಿಗೆ ಬಂದರೆ ತಾನೇ, ಎಂದುಕೊಂಡೆ.

287ನೇ ಹೆದ್ದಾರಿಯಲ್ಲಿ ಲಾರಿಗಳ ಕಾಟ. 17ನೇ ರಸ್ತೆ ಹಿಡಿದ ಮೇಲೆ ಗುಡ್ಡಗಳು, ಮೋಡ, ನಡುನಡುವೆ ಸೋನೆ. ನಗರದಿಂದ ಬೇಸಿಗೆಯ ವಾರಾಂತ್ಯಕ್ಕೆ ಹೊರಟವರ ಕಾರುಗಳು ಮುಂದೆಲ್ಲ ಸಾಲುಗಟ್ಟಿದ್ದವು. ಹೋಟೆಲು ಸೇರಿದಾಗ ಒಂದು ಗಂಟೆ. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತು ಆ ಸಂಜೆಯೇ ಶುರುವಾಗುವುದರಿಂದ ಎರಡಕ್ಕೆ ಬಾಗಿಲು ಹಾಕುತ್ತಾರೆಂದು ಚೀಟಿ ಅಂಟಿಸಿದ್ದರು.

“ಹತ್ತು ನಿಮಿಷದಲ್ಲಿ ಊಟ ಬರುತ್ತೆ ಅತ್ತೆ, ಇನ್ಸುಲಿನ್ ತಗೊಂಡ್ಬಿಡಿ,” ಎಂದೆ.

“ಪ್ಯೂರ್ ವೆಜ್ ತಾನೇ?”

“ಮಾಂಸ ಒಳಗೇ ಬರಲ್ಲ.”

ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅತ್ತೆ ಕಾರಿನಲ್ಲೇ ಇನ್ಸುಲಿನ್ ಚುಚ್ಚಿಕೊಂಡರು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಚೀಸ್ ಕರಗಿಸಿದ ಆಲೂಗಡ್ಡೆಗೆ ಹೇಳಿದೆ, ಹದಿನಾರು ಡಾಲರ್. ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಕೊನೆಗೆ ಬಂದ ಪರಿಚಾರಿಕೆಯ ಒಂದೇ ಟ್ರೇಯಲ್ಲಿ ನಮ್ಮ ಆಲೂಗಡ್ಡೆ, ಪಕ್ಕದ ಟೇಬಲ್ಲಿನವರಿಗೆ ತಲೆಸಮೇತ ಹುರಿದ ಮೀನು.

“ಸುಧಾ, ಅದು ಮೀನಲ್ವೇನೇ?” ಅತ್ತೆ ತಟ್ಟೆಯನ್ನು ದೂರ ತಳ್ಳಿದರು. “ನಂಗೆ ಇದು ಬೇಡ. ಕಾರಲ್ಲಿ ಮೊಸರನ್ನ ಇದೆ, ತಗೊಂಡ್ ಬಾ.”

ಅವರ ಬೆರಳುಗಳು ಆಗಲೇ ನಡುಗುತ್ತಿದ್ದವು, ಹಣೆಯ ಮೇಲೆ ಬೆವರು. ಹಳೇ ಕಾಯಿಲೆಗೆ ವಿಸಿಟರ್ ಇನ್ಶೂರೆನ್ಸ್ ಇಲ್ಲ, ಆಸ್ಪತ್ರೆ ಎಷ್ಟು ದೂರವೋ ಗೊತ್ತಿಲ್ಲ. ಮಳೆಯಲ್ಲೇ ಓಡಿ ಡಬ್ಬಿ ತಂದೆ. ಮುಚ್ಚಳ ತೆಗೆಯುವಷ್ಟರಲ್ಲಿ ಗಡ್ಡದ ಹಿರಿಯರೊಬ್ಬರು ಧಾವಿಸಿ ಬಂದರು. ಅಡುಗೆಮನೆಯಲ್ಲಿ ಕೋಷರ್ ಕಟ್ಟಳೆ ಕೆಡದಂತೆ ಕಾಯುವ ಮೇಲ್ವಿಚಾರಕರು ಅವರು. ಹೊರಗಿನ ಅಡುಗೆಯನ್ನು ಇಲ್ಲಿ ತೆರೆಯುವಂತಿಲ್ಲ, ದಯವಿಟ್ಟು ಮುಚ್ಚಿ ಎಂದರು.

ಇನ್ಸುಲಿನ್ ಎಂದೆ. ಸಕ್ಕರೆ ಇಳಿಯುತ್ತಿದೆ ಎಂದೆ. ತೊದಲುತ್ತ ಇನ್ನೇನೇನು ಹೇಳಿದೆನೋ. ಅವರು ಅತ್ತೆಯ ಕೈ ನೋಡಿದರು. ಮರುಕ್ಷಣವೇ ಡಬ್ಬಿಯನ್ನು ತಾವೇ ಅವರ ಮುಂದೆ ಸರಿಸಿದರು. “ಈಗಲೇ ತಿನ್ನಲಿ. ಜೀವ ಮೊದಲು, ಅದೂ ನಮ್ಮ ಕಟ್ಟಳೆಯೇ. ಆಮೇಲೆ ಟೇಬಲ್ ತೊಳೆಸಿಕೊಳ್ಳುತ್ತೇನೆ,” ಎಂದು ಜ್ಯೂಸ್ ತರಲು ಓಡಿದರು.

ಅವರೆಂದದ್ದನ್ನು ಅತ್ತೆಗೆ ಹೇಳಿದೆ.

“ಟೇಬಲ್ ತೊಳೆಸ್ತಾರಂತಾ?” ಅತ್ತೆ ಸುತ್ತ ನೋಡಿದರು. “ಹಾಗಾದ್ರೆ ಇವರದ್ದೂ ಮಡೀನೇ.” ಡಬ್ಬಿಯ ಮುಚ್ಚಳ ಹಾಕಿಬಿಟ್ಟರು. “ನನ್ನಿಂದ ಅವರ ಮನೆ ಮೈಲಿಗೆ ಆಗೋದು ಬೇಡ,” ಎನ್ನುತ್ತ ಅದೇ ಆಲೂಗಡ್ಡೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ಕಣ್ಣು ಮುಚ್ಚಿ ತಿನ್ನತೊಡಗಿದರು. ಹಿರಿಯರು ಕಿತ್ತಳೆ ಜ್ಯೂಸ್ ತಂದುಕೊಟ್ಟು, ಲೋಟ ಖಾಲಿಯಾಗುವ ತನಕ ಅಲ್ಲೇ ನಿಂತಿದ್ದರು. ನಡುಕ ನಿಲ್ಲಲು ಕಾಲು ಗಂಟೆ ಹಿಡಿಯಿತು.

ಜಲಪಾತದ ಆಸೆ ಬಿಟ್ಟು ಅಲ್ಲಿಂದಲೇ ಹಿಂದಿರುಗಿದೆವು. ಜೆರ್ಸಿ ಗಡಿ ದಾಟಿದ ಮೇಲೆ ಅತ್ತೆ ಕೇಳಿದರು.

“ಅಲ್ಲಿ ಮೀನಿರುತ್ತೆ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು, ಅತ್ತೆ.”



“ಇನ್ಮೇಲೆ ಹೇಳ್ಬಿಡು,” ಎಂದರು. “ಸೂಜಿ ಚುಚ್ಕೊಳ್ಳೋಕೆ ಮುಂಚೆ.”