ಎಡಗಡೆಯ ಹಿಂದಿನ ಗಾಲಿ

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಗಜೇಂದ್ರಗಡದಲ್ಲಿ ಚಕ್ಕಡಿ ಹೊಡೆದು ಬದುಕಿದೆ, ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಬರವಣಿಗೆಯಲ್ಲಿ ತಪ್ಪಿದ್ದರೆ ಕಾಲಕಾಲೇಶ್ವರನ ಭಕ್ತರು ತಿದ್ದಿಕೊಂಡು ಓದಬೇಕು. ನಡೆದದ್ದರಲ್ಲಿ ತಪ್ಪಿಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರುವ ಹಿಂದಿನ ವರ್ಷ, ಹೊಳೆಆಲೂರು ಸ್ಟೇಷನ್ನಿಗೆ ಬಾಡಿಗೆ ಹೊಡೆಯುವ ಆಸೆಯಿಂದ ಎರಡು ಜೋಡಿ ಎತ್ತು ಮಾರಿ ಹಳೆಯ ಕಾರು ಕೊಂಡೆ. ನಮ್ಮಲ್ಲಿ ಎತ್ತು ಮಾರುವವನು ಅದರ ಬೆನ್ನ ಮೇಲೆ ಕೈಯಿಟ್ಟು, ದೇವರ ಹೆಸರು ಹೇಳಿ, ‘ಐಬಿಲ್ಲ’ ಎನ್ನಬೇಕು. ಎತ್ತಿನ ಹಲ್ಲು, ಸುಳಿ, ಗೊರಸು ನೋಡಿ ಐಬು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕಬ್ಬಿಣಕ್ಕೆಂಥ ಸುಳಿ ಎಂದು ಕಾರಿಗೆ ಮಾತ್ರ ಆ ಆಣೆ ಕೇಳಲಿಲ್ಲ. ಮಾರಿದವರ ಮಕ್ಕಳು ಹಿಂದಿನ ಸೀಟಿನಲ್ಲಿ ಆಡುತ್ತಿದ್ದವು. ತಾಯಿ ಓಡಿಬಂದು, “ಇಳೀರಿ ಲಗೂ, ಅದರಾಗ ಕೂಡಬ್ಯಾಡ್ರಿ ಅಂದೀನಿಲ್ಲ,” ಎಂದು ರಟ್ಟೆ ಹಿಡಿದು ಇಳಿಸಿದರು. ಪರರ ವಸ್ತುವಾಯಿತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

ಎರಡು ತಿಂಗಳಿಗೆ, ನರೇಗಲ್ಲಿನ ಹತ್ತಿರ, ಎಡಗಡೆಯ ಹಿಂದಿನ ಗಾಲಿಯ ಅಚ್ಚು ಮುರಿಯಿತು. ಗಾಲಿ ಕಳಚಿ, ನಮ್ಮನ್ನು ದಾಟಿ, ತಾನೊಂದೇ ರಸ್ತೆಯಲ್ಲಿ ಉರುಳುತ್ತ ಹೋಯಿತು. ಮುಂಬೈಯಿಂದ ಹೊಸ ಅಚ್ಚು ತರಿಸಿದೆ. ಅದೂ ಮುರಿಯಿತು. ಹೆಂಡತಿಯ ಬಂಗಾರ ಹೋಯಿತು. ದೃಷ್ಟಿಯಾಗಿದೆ ಎಂದು ಗಾಲಿಗೆ ಕರಿದಾರ ಕಟ್ಟಿದೆ. ಮೂರನೆಯದೂ ಮುರಿದಾಗ ಪೇಟೆಯಲ್ಲಿ ನಾಲ್ಕು ಮಂದಿಯ ಮುಂದೆ, ಅಚ್ಚು ಕೂಡಿಸಿಕೊಡುತ್ತಿದ್ದ ಮಿಸ್ತ್ರಿ ರಾಜೇಸಾಬರಿಗೆ ಕಳ್ಳ ಅಂದೆ. ಅವರು ಮೂರೂ ತುಂಡು ತಂದು ಸಾಲಾಗಿ ಇಟ್ಟರು.

“ಬಸಣ್ಣ, ಸಿಟ್ಟು ಆಮ್ಯಾಲ ಮಾಡು, ಮದಲ ನೋಡು. ಮೂರೂ ಒಂದ ಜಾಗಾದಾಗ ಮುರದಾವ. ಗಾಲಿ ಕೂಡೋ ಕಡೆ ಕಾರ್ಖಾನ್ಯಾಗ ಭಾಳ ಕೊರದು ಸಣ್ಣ ಮಾಡ್ಯಾರ. ಇದು ಹುಟ್ಟುಬ್ಯಾನಿ. ನೀ ದಾರ ಕಟ್ಟು, ಸರಪಳಿ ಕಟ್ಟು, ಮತ್ತ ಅಲ್ಲೇ ಮುರೀತೈತಿ.”

ಆ ಸಂಜೆ ನನ್ನ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತದ್ದು ಕಂಡಿತು. “ಇಳಿ, ಅದರಾಗ ಕೂಡಬ್ಯಾಡ,” ಅಂದೆ. ಆ ತಾಯಿಯ ದನಿಯೇ ನನ್ನ ಬಾಯಿಂದ ಬಂತು. ಅಂದಿನಿಂದ ಕಣ್ಣು ಮುಚ್ಚಿದರೆ ಗಾಲಿ ಉರುಳುವ ಸಪ್ಪಳ.

ಸೋಮವಾರ ಗುಡ್ಡ ಹತ್ತಿ, ಕಾಲಕಾಲೇಶ್ವರನ ಮುಂದೆ ನಿಂತು, ಈ ಪೀಡೆ ನನ್ನ ಕೈಬಿಡಲಿ ಎಂದು ಬೇಡಿಕೊಂಡೆ. ಎಂಟು ದಿನಕ್ಕೆ ನರಗುಂದದ ಅರಳೆ ಸಾವಕಾರರೊಬ್ಬರು ಕಾರು ತರಲು ಹೇಳಿ ಕಳಿಸಿದರು. ದೇವರೇ ಗಿರಾಕಿ ಕೊಟ್ಟನೆಂದು ನಾಲ್ಕನೆಯ ಅಚ್ಚು ಹಾಕಿಸಿ, ಬಣ್ಣ ಹೊಡೆಸಿ, ರೋಣದ ಮೇಲೆ ಹೊರಟೆ. ದಾರಿಯುದ್ದಕ್ಕೂ ಕಾರು ಹೂವಿನಂತೆ ಓಡಿತು.

ಸಾವಕಾರರು ಕಾರನ್ನು ಸುತ್ತುಹಾಕಿ ನೋಡಿದರು. “ಚಲೋ ಐತಿ. ನಮ್ಮ ಸೊಸಿ ತುಂಬಿದ ಬಸರಿ, ನಾಳೆ ತವರಿಗೆ ಇದರಾಗ ಕಳಸ್ತೀನಿ. ಹಾಂ, ಬಸಣ್ಣಾರ, ಬೆನ್ನ ಮ್ಯಾಲ ಕೈಯಿಟ್ಟು ಒಂದ ಮಾತು ಹೇಳಿಬಿಡ್ರಿ.”

ನಾನು ನಕ್ಕೆ. “ಇದೇನು ಎತ್ತೇನ್ರಿ ಸಾವಕಾರ್ರ?”

“ಮೇವು ತಿನ್ನೂದಿಲ್ಲ ಅಷ್ಟ. ಮಂದೀನ್ನ ಹೊರತೈತಲ್ಲ.”

ಕಾರಿನ ನೆತ್ತಿಯ ಮೇಲೆ ಕೈಯಿಟ್ಟೆ. ನಡು ಮಧ್ಯಾಹ್ನ, ತಗಡು ಸುಡುತ್ತಿತ್ತು. ಆ ಸೊಸೆ ಹೊರಗೆ ಬಂದು, ಎಡಗಡೆಯ ಹಿಂದಿನ ಬಾಗಿಲು ತೆರೆದು, ಸೀಟು ಮೆತ್ತಗಿದೆಯೇ ಎಂದು ಬಳೆ ತೊಟ್ಟ ಕೈಯಿಂದ ಒತ್ತಿ ನೋಡುತ್ತಿದ್ದಳು. ಕಾಲಕಾಲೇಶ್ವರನ ಹೆಸರು ಹೇಳಿದೆ. ಮುಂದಿನ ಮಾತಿಗೆ ನಾಲಗೆ ಏಳಲಿಲ್ಲ. ಎದ್ದಾಗ ಅದು ನಾನು ಕಲಿತುಬಂದ ಮಾತಾಗಿರಲಿಲ್ಲ.

“ಐಬೈತ್ರಿ. ಈ ಗಾಲಿ ಮೂರು ಸಲ ಕಳಚೈತಿ. ಮತ್ತ ಕಳಚತೈತಿ.”

ಸಾವಕಾರರು ಬಾಗಿ ಆ ಗಾಲಿಯನ್ನು ನೋಡಿದರು. “ತಂಗಿ, ನೀ ಒಳಗ ನಡಿ,” ಎಂದು ಸೊಸೆಗೆ ಹೇಳಿ, ನನ್ನ ಕಡೆ ತಿರುಗಿದರು. “ಇದನ್ನ ಹೇಳಾಕ ಇಷ್ಟು ದೂರ ಬರಬೇಕಾತೇನ್ರಿ? ಊಟ ಮಾಡಿ ಹೋಗ್ರಿ.”

ಉಂಡು ಹೊರಟೆ. ಮರಳುವಾಗ ಚಿಕ್ಕನರಗುಂದ ದಾಟಿ ಹಳ್ಳದ ಇಳಿಜಾರಿನಲ್ಲಿ ಅಚ್ಚು ಮುರಿಯಿತು. ಕಾರು ಹಿಂಬದಿಯಿಂದ ತಗ್ಗಿಗೆ ಜಾರಿತು. ಮುಂದೆ ಕುಳಿತ ನನಗೆ ತರಚು ಗಾಯವೂ ಇಲ್ಲ. ಎಡಗಡೆಯ ಹಿಂದಿನ ಬಾಗಿಲು ಮಾತ್ರ ಬಂಡೆಗೆ ಬಡಿದು ಸೀಟಿನ ನಡುವಿನವರೆಗೆ ಒಳಗೆ ಬಂದಿತ್ತು. ಆ ಜಾಗದಲ್ಲಿ ಬಳೆ ತೊಟ್ಟ ಒಂದು ಕೈ ಈಗಲೂ ನನಗೆ ಕಾಣುತ್ತದೆ.

ಕಾರು ಗುಜರಿಗೆ ಹೋಯಿತು. ಬೇಡಿದಂತೆ ಪೀಡೆ ಕೈಬಿಟ್ಟಿತು, ನಾನು ಬೇಡಿದ ದಾರಿಯಲ್ಲಿ ಅಲ್ಲ. ರಾಜೇಸಾಬರ ಮನೆಗೆ ತಪ್ಪಾಯಿತು ಎನ್ನಲು ಹೋದರೆ, “ಕಳ್ಳ ಅಂದದ್ದು ಪ್ಯಾಟ್ಯಾಗ, ತಪ್ಪಾತು ಅನ್ನೂದು ಮೂಲ್ಯಾಗೇನು?” ಎಂದರು. ಪೇಟೆಯಲ್ಲೇ ನಿಂತು ಹೇಳಿದೆ. ನರಗುಂದದಲ್ಲಿ ಹೆಣ್ಣು ಕೂಸು ಹುಟ್ಟಿ, ತಾಯಿ ಮಗಳು ಚೆನ್ನಾಗಿದ್ದಾರೆಂದು ಸುದ್ದಿ ಬಂತು. ನಾನು ಮತ್ತೆ ಚಕ್ಕಡಿ ಹೊಡೆಯುತ್ತಿದ್ದೇನೆ, ಬಾಡಿಗೆಯ ಎತ್ತು.

ನನಗೆ ಕಾರು ಮಾರಿದವರನ್ನು ಮೊದಲು ದಿನಾ ಶಪಿಸುತ್ತಿದ್ದೆ. ಈಗ ಶಪಿಸುವುದಿಲ್ಲ. ನಾನೂ ಅವರಂತಾಗಲು ಒಂದು ಮಾತಷ್ಟೇ ಉಳಿದಿತ್ತು. ಆ ಮಾತನ್ನು ಗಂಟಲಲ್ಲೇ ಹಿಡಿದು ನಿಲ್ಲಿಸಿದ ನನ್ನ ಸ್ವಾಮಿಗೆ ಶರಣು.