ಹೇಸರಗತ್ತೆಗೆ ಸಲ್ಲಬೇಕಾದ ಪದಕ

ಚೀಲದಜ್ಜನ ಮುತ್ತಾತ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವನು. ದೋಣಿ ಮಗುಚಿದಾಗ ಮುಳುಗುತ್ತಿದ್ದವರನ್ನೆಲ್ಲ ದಡಕ್ಕೆ ಎಳೆದು ಹಾಕಿ, ತನಗೆ ಕೈ ನೀಡಿದವರನ್ನು ಬೈದು, ಕೆಸರಲ್ಲಿ ತೆವಳಿಕೊಂಡೇ ಮೇಲೆ ಬಂದನಂತೆ. ಅಜ್ಜನ ಅಪ್ಪ ಲಾರಿ ಡ್ರೈವರು. ಬ್ರೇಕು ತಪ್ಪಿದ ಲಾರಿ ಜನರ ಮೇಲೆ ಹರಿಯದಂತೆ ಗೋಡೆಗೆ ಗುದ್ದಿಸಿ ಕಾಲು ಮುರಿದುಕೊಂಡ. ಊರುಗೋಲು ತಂದುಕೊಟ್ಟ ಡಾಕ್ಟರನ್ನು ಅದೇ ಕೋಲು ಹಿಡಿದು ಅಟ್ಟಿದ. ಇಂಥ ಮನೆತನಕ್ಕೆ ತನ್ನನ್ನು ಕೊಟ್ಟ ತವರಿನವರನ್ನು ಅಜ್ಜಿ ಇಂದಿಗೂ ಕ್ಷಮಿಸಿಲ್ಲ.

ಅಜ್ಜ ಸೈನ್ಯದಲ್ಲಿ ಹೇಸರಗತ್ತೆಯ ಮೇಲೆ ಸಾಮಾನು ಸಾಗಿಸುತ್ತಿದ್ದ. ಬೆಟ್ಟದ ಠಾಣೆಯ ಮೇಲೆ ಫಿರಂಗಿ ಗುಂಡು ಬೀಳುತ್ತಿದ್ದಾಗ ಮತ್ತೆ ಮತ್ತೆ ಹತ್ತಿಳಿದು, ಗಾಯಗೊಂಡವರಲ್ಲಿ ಒಬ್ಬನನ್ನೂ ಬಿಡದೆ ಕೆಳಗೆ ತಂದ. ಪದಕ ಬಂತು. ಮಂಡಿಯೊಳಗೆ ಕಬ್ಬಿಣದ ಚೂರೂ ಉಳಿಯಿತು. ಈಗ ಬಸ್ ನಿಲ್ದಾಣದ ಗೋಡೆಗೆ ಒರಗಿ ಕೂತು, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದಲ್ಲಿ ಹರಿದ ಚೀಲ ಹೊಲಿಯುತ್ತಾನೆ. ಹೊರೆ ಎರಡೂ ಕಡೆ ಸಮ ಇರಬೇಕೆಂಬ ಹಳೆಯ ಚಾಳಿ ಮಾತ್ರ ಬಿಟ್ಟಿಲ್ಲ. ಈರುಳ್ಳಿ ತರಲು ಕಳಿಸಿದರೆ ಒಂದು ಕೈಯಲ್ಲಿ ಈರುಳ್ಳಿ, ಇನ್ನೊಂದು ಕೈಯಲ್ಲಿ ತೂಕಕ್ಕೆ ಇಟ್ಟಿಗೆ. ಅವರಿರುವ ಮೂರನೇ ಮಹಡಿಯ ಕೋಣೆಯಲ್ಲಿ ಹಾಗೆ ಬಂದು ಸೇರಿದ ಇಟ್ಟಿಗೆ ನೋಡಿದಾಗಲೆಲ್ಲ ಅಜ್ಜಿಗೆ ಮೈ ಉರಿಯುತ್ತದೆ.

ಹೋದ ಮಳೆಗಾಲದಲ್ಲಿ ಆ ಮಂಡಿ ಮೆಟ್ಟಿಲ ಮೇಲೆ ಕೈಕೊಟ್ಟಿತು. ಉರುಳಿ ಬಿದ್ದವನು ಹಲ್ಲು ಕಚ್ಚಿಕೊಂಡು ತಾನೇ ಎದ್ದ. ಅಂದಿನಿಂದ ಅಜ್ಜಿಗೆ ನೆಲಮಹಡಿಯ ಮನೆಯದೇ ಜಪ. ಪದಕ ಪಡೆದವರಿಗೆಂದು ಸರ್ಕಾರ ಇಟ್ಟಿರುವ ಅಂಥದೊಂದು ಮನೆ ಖಾಲಿ ಇದೆ ಎಂದು ತಿಳಿದದ್ದೇ, ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದು ಅಧಿಕಾರಿಯನ್ನು ಮನೆಗೇ ಕರೆತಂದಳು.

ಏದುಸಿರು ಬಿಡುತ್ತ ಹತ್ತಿಬಂದ ಅಧಿಕಾರಿ, ಇವತ್ತು ಒಪ್ಪದಿದ್ದರೆ ಮನೆ ಬೇರೆಯವರ ಪಾಲು ಎಂದ. ಅಜ್ಜ ಹಳೇ ರಾಗ ತೆಗೆದ. ಹೊತ್ತದ್ದು ಹೇಸರಗತ್ತೆ, ತಾನು ಬರೀ ಹಗ್ಗ ಹಿಡಿದವನು; ಮನೆ ಕೊಡುವುದಾದರೆ ಅದಕ್ಕೆ ಕೊಡಿ, ಅದು ಸತ್ತಿರುವುದರಿಂದ ಮಾತು ಮುಗಿಯಿತು. ಆಮೇಲೆ ಅದರ ಕಿವಿ, ಹಲ್ಲು, ಮುಂಗೋಪಗಳ ವರ್ಣನೆಗೆ ಇಳಿದ. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ.

ಅಜ್ಜಿಯ ತಾಳ್ಮೆ ಕಿತ್ತುಹೋಯಿತು.

"ನಿಮ್ಮ ಹೇಸರಗತ್ತೆ ಅರ್ಧ ದಾರೀಲೇ ಸತ್ತಿತ್ತಲ್ರೀ," ಎಂದಳು. "ಕೊನೇ ಹುಡುಗನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿದಿದ್ದು ಯಾರು? ನಮ್ಮ ಮದುವೇಲಿ ಅವನೇ ಅತ್ಕೊಂಡು ಹೇಳಿದ್ದ. ನೀವು ಬೇಡ ಅಂದ್ರಿ ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ನಿಮಗೆ ಮನೆ ಬೇಡ್ವಾ, ಬಿಡಿ. ನನಗೆ ಬೇಕು. ನೀವು ಬೀಳೋ ಸದ್ದು ಇನ್ನೊಂದು ಸಲ ಕೇಳೋ ಎದೆ ನನಗಿಲ್ಲ."

ಅಜ್ಜ ಕೈಲಿದ್ದ ಸೂಜಿಯನ್ನು ಮಡಿಲಲ್ಲಿದ್ದ ಹರಿದ ಚೀಲಕ್ಕೆ ಚುಚ್ಚಿಟ್ಟ.

"ಆ ಬಾಯಿಬಡುಕನ್ನ ಅಲ್ಲೇ ಬಿಟ್ಟು ಬರಬೇಕಿತ್ತು," ಎಂದು ಗೊಣಗಿದ. ಆಮೇಲೆ ಅಧಿಕಾರಿಯ ಪೆನ್ನಿಗೆ ಕೈಚಾಚಿದ.

ಮನೆ ಬದಲಿಸುವ ದಿನ ಅಕ್ಕಪಕ್ಕದ ಹುಡುಗರೆಲ್ಲ ನೆರವಿಗೆ ಬಂದರು. ಆ ಹೊತ್ತಿಗಾಗಲೇ ಅಜ್ಜ ಹೊಲಿಗೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕೂತು ಕೂತೇ ಒಂದೊಂದು ಮೆಟ್ಟಿಲು ಜಾರುತ್ತಿದ್ದ. ದಾರಿಯೆಲ್ಲ ಬಂದ್. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ, ಅಜ್ಜಿ ಕೆಳಗಿನ ಮೆಟ್ಟಿಲಲ್ಲಿ ನಿಂತು ಕೈ ನೀಡಿದಳು.

"ಕೈ ತೆಗಿಯೇ," ಎಂದ ಅಜ್ಜ. "ಮನೆಗೆ ಹೂಂ ಅಂದಿದ್ದು ನಿನಗೋಸ್ಕರ. ಇಳಿಯೋಕೆ ಯಾರ ಕೈಯೂ ಬೇಕು ಅಂದಿಲ್ಲ ನಾನು. ನೀನು ಮುಂದೆ ನಡಿ, ಬಾಗಿಲು ತೆಗೆದಿಡು."